ಮಾನ್ಯ ಸ್ಥಾಯಿ ಸಮಿತಿಯವರ ಸನ್ನಿಧಿಗೆ

ಪರಮ ಗೌರವಾನ್ವಿತ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯವರಿಗೆ, ಜೊತೆಗೇ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿಯವರಿಗೆ,
ಜಿಲ್ಲಾ ಪಂಚಾಯಿತಿ ಸಭಾಂಗಣ.



ತಾವು ಸದ್ಯಕ್ಕೆ ಇಲ್ಲ ಎಂಬುದನ್ನು ತಿಳಿದೇ ಈ ಪತ್ರ ಬರೆಯುತ್ತಿದ್ದೇನೆ. 2016ರ ಫೆಬ್ರವರಿಯಲ್ಲಿ ನಾವು ಓಟು ಹಾಕಿ ಕಳಿಸಿದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವರು ಮನೆಗೆ ಹೋದರು, ಅವರೊಂದಿಗೆ ತಾವೂ ಹೋದಿರಿ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ತಮ್ಮ ಹೆಸರು ಹಾಗೇ ಇದೆ. ಜಿಲ್ಲಾ ಪಂಚಾಯಿತಿಗೆ ಐದು ಸ್ಥಾಯಿ ಸಮಿತಿಗಳು ಇರಬೇಕು, ಶಾಲೆಗಳ ಯೋಜನೆಯನ್ನು ಒಬ್ಬರು ನೋಡಬೇಕು, ಹಣದ ಜಮಾ ಖರ್ಚನ್ನು ಇನ್ನೊಬ್ಬರು ನೋಡಬೇಕು ಎಂದು ಆ ಕಾಯ್ದೆ ಇವತ್ತಿಗೂ ಹೇಳುತ್ತದೆ. ನಾನು ಒಂದು ಹಳ್ಳಿಯ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಕೂತವಳು. ನಮ್ಮಂಥವರ ದೂರಿಗೆ ಕಾನೂನು ತೋರಿಸುವ ಬಾಗಿಲು ತಮ್ಮದೇ. ತಾವು ಒಳಗಿಲ್ಲದಿದ್ದರೂ ಅದನ್ನೇ ತಟ್ಟುತ್ತಿದ್ದೇನೆ. ಸದ್ದು ಜೋರಾದರೆ ಕ್ಷಮಿಸಬೇಕು.

ಮೊದಲು ಋಣ ಹೇಳಿಕೊಳ್ಳುತ್ತೇನೆ. ತಮ್ಮ ಮನೆತನದಿಂದ ನಮಗೆ ಆದ ಉಪಕಾರ ದೊಡ್ಡದು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತಿನ ಕಾಯ್ದೆ ತಂದಿತು. ಅದರ ಬೆನ್ನಿಗೆ ನಿಂತವರು ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. 1987ರಲ್ಲಿ ಚುನಾವಣೆ ನಡೆದು ಪರಿಷತ್ತುಗಳು ಕೂತವು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಹೆಣ್ಣುಮಕ್ಕಳಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಿಟ್ಟರು. ಸಂವಿಧಾನ ಆ ಮಾತು ಆಡಿದ್ದು 1983ರ ಆ ಕಾಯ್ದೆಯಾದ ಹತ್ತು ವರ್ಷಕ್ಕೆ. ಆ ಕಾಲದ ಕರ್ನಾಟಕವನ್ನು ಅಭ್ಯಾಸ ಮಾಡಿದ ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮ್ಯಾನರ್ 1998ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಳ್ಳಿಯ ಶಿಕ್ಷಕರ, ಆರೋಗ್ಯ ಸಿಬ್ಬಂದಿಯ ಗೈರುಹಾಜರಿ ಕಡಿಮೆಯಾದದ್ದನ್ನು ದಾಖಲಿಸಿದ್ದಾರೆ. ಇದರಲ್ಲಿ ಪವಾಡವೇನಿಲ್ಲ. ಮಾಸ್ತರು ಬರದಿದ್ದರೆ ಕೇಳುವ ಸದಸ್ಯ ಪಕ್ಕದ ಊರಲ್ಲೇ ಇದ್ದ, ಸಂತೆಯಲ್ಲಿ ಸಿಗುತ್ತಿದ್ದ. ಅವನು ಕೇಳದಿದ್ದರೆ ಅವನನ್ನು ನಾವು ಕೇಳುತ್ತಿದ್ದೆವು.

ಅಂಥ ವಂಶದಲ್ಲಿ ಹುಟ್ಟಿದ ತಾವು ಇದ್ದ ದಿನಗಳಲ್ಲಿ ಹೇಗಿದ್ದಿರಿ ಎಂಬುದನ್ನೂ ಪೂಜ್ಯಭಾವದಿಂದಲೇ ನೆನೆಯುತ್ತೇನೆ. ತಾವು ಸಭೆ ಸೇರುತ್ತಿದ್ದಿರಿ, ಅದಕ್ಕೆ ಧನ್ಯವಾದ. ಕಾರ್ಯಸೂಚಿಯ ಕಟ್ಟು ತಮ್ಮ ಕೈಗೆ ಬರುತ್ತಿದ್ದದ್ದು ಚಹಾದ ಲೋಟದ ಜೊತೆಗೆ, ಸಭೆ ಶುರುವಾದ ಮೇಲೆ. ಅದರಲ್ಲಿ ಶಾಲಾ ಕೊಠಡಿಯ ದುರಸ್ತಿ ಇರುತ್ತಿತ್ತು, ಪಾಗಾರದ ಕೆಲಸ ಇರುತ್ತಿತ್ತು, ಕ್ರೀಡಾ ಸಾಮಗ್ರಿಯ ಖರೀದಿ ಇರುತ್ತಿತ್ತು. ಓದಿ ಹೇಳುವವರು ಅಧಿಕಾರಿ, ತಲೆ ಆಡಿಸುವವರು ತಾವು. ಕೆಲಸ ಮುಗಿದು ಬಿಲ್ಲೂ ಆದ ಕಾಮಗಾರಿಗಳು ಘಟನೋತ್ತರ ಮಂಜೂರಾತಿ ಎಂಬ ಹೆಸರಿನಲ್ಲಿ ತಮ್ಮ ಮುಂದೆ ಬರುತ್ತಿದ್ದವು, ತಾವು ಅವನ್ನೂ ಹರಸಿ ಕಳಿಸುತ್ತಿದ್ದಿರಿ. ನಡಾವಳಿಯ ಕೊನೆಗೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಸಾಲು ತಪ್ಪುತ್ತಿರಲಿಲ್ಲ. ಕಾಮಗಾರಿ ತಮ್ಮ ಕ್ಷೇತ್ರಕ್ಕೆ ಎಷ್ಟು ಬಂತು ಎಂದು ತಾವು ಗಟ್ಟಿಯಾಗಿ ಕೇಳಿದ್ದನ್ನು ನಾವು ಕೇಳಿದ್ದೇವೆ. ಅದು ಯಾಕೆ ಅಲ್ಲೇ ಆಗಬೇಕು, ಹೀಗೇ ಯಾಕೆ ಆಗಬೇಕು, ಅಲ್ಲಿನವರು ಏನು ಕೇಳಿದ್ದರು ಎಂಬ ಪ್ರಶ್ನೆ ಅಪರೂಪವಾಗಿತ್ತು.

ಆದರೂ ಆ ತಮ್ಮನ್ನೇ ಇವತ್ತು ಹಂಬಲಿಸುತ್ತಿದ್ದೇನೆ. ತಲೆ ಆಡಿಸುವವರಾದರೂ ಕೂತಿದ್ದಾಗ, ಬಾಗಿಲ ಹೊರಗೆ ನಿಂತು ‘ಅಕ್ಕಾ, ನಮ್ಮ ಸಾಲಿ ವಿಷಯ ಒಂದು ಮಾತು ಎತ್ತಿ’ ಎನ್ನಲು ಒಂದು ಮುಖ ಇತ್ತು. ಈಗ ಸಹಿ ಇದೆ, ಮುಖ ಇಲ್ಲ.

ನಮ್ಮ ಊರಿನ ಶಾಲೆಯ ಕಥೆಯನ್ನು ತಮ್ಮ ಪಾದಕ್ಕೆ ಅರ್ಪಿಸುತ್ತೇನೆ. ದಯಮಾಡಿ ಪೂರ್ತಿ ಕೇಳಬೇಕು. ಸ್ವಾತಂತ್ರ್ಯಕ್ಕೆ ಮುಂಚೆ ಕಟ್ಟಿದ ಶಾಲೆ ಅದು. ಎರಡಡಿ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ನಾಡಿನ ಎಷ್ಟೋ ಶಾಲೆ, ಕಚೇರಿ, ರೈಲು ನಿಲ್ದಾಣಗಳ ತಲೆಯ ಮೇಲೆ ಕೂತದ್ದು ಇದೇ ಹೆಂಚು. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು. ಮಳೆಗಾಲದಲ್ಲಿ ಸೋರುತ್ತಿತ್ತು, ನಿಜ. ಸೋರಿದ ಕಡೆ ಹತ್ತಾರು ಹೆಂಚು ಬದಲಾಯಿಸಿ, ಗೆದ್ದಲು ಹಿಡಿದ ರೀಪು ತೆಗೆದು ಬೇರೆ ಹಾಕಿದರೆ ಮುಗಿಯುವ ಕೆಲಸ. ಎಸ್‌ಡಿಎಂಸಿ ಬರೆದುಕೊಟ್ಟದ್ದೂ ಅಷ್ಟನ್ನೇ.

ಮೇಲಿನಿಂದ ಬಂದದ್ದು ಬೇರೆ ವರದಿ: ಕಟ್ಟಡ ಪೂರ್ತಿ ಶಿಥಿಲ, ಕೆಡವಿ ಆರ್‌ಸಿಸಿ ಕೊಠಡಿ ಕಟ್ಟುವುದು. ದುರಸ್ತಿಗೆ ಸಿಗುವ ಹಣ ಸಣ್ಣದು, ಹೊಸ ಕಟ್ಟಡಕ್ಕೆ ಸಿಗುವ ಹಣ ದೊಡ್ಡದು. ಅಂದಾಜು ಪಟ್ಟಿ ಯಾವ ಕಡೆ ವಾಲುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಜೆಸಿಬಿ ಬಂತು. ತೊಲೆಗಳು ಹರಾಜಾದವು. ಅಡಿಪಾಯದ ಗುಂಡಿ ತೋಡಿ, ಕಂಬದ ಕಬ್ಬಿಣ ನಿಲ್ಲಿಸಿದ ಮೇಲೆ ಪುರಾತತ್ವದವರ ನೋಟಿಸು ಬಂತು. ನಮ್ಮ ಶಾಲೆಯ ಬೆನ್ನಿಗೇ ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಇದೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕ ಅದು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಏಳುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚಿನಿಂದ ಇದ್ದ ಕಟ್ಟಡದ ದುರಸ್ತಿಗೆ, ನವೀಕರಣಕ್ಕೆ ಅದೇ ಕಾಯ್ದೆಯಲ್ಲಿ ಅನುಮತಿ ಕೇಳಬಹುದು.

ಅಂದರೆ ನಾವು ಕೇಳಿದ ದುರಸ್ತಿಗೆ ಕಾನೂನಿನಲ್ಲಿ ದಾರಿ ಇತ್ತು. ಅವರು ಮಂಜೂರು ಮಾಡಿದ ಕಟ್ಟಡಕ್ಕೆ ಇರಲಿಲ್ಲ. ಈಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮಕ್ಕಳು ಸಮುದಾಯ ಭವನದಲ್ಲಿ ಕೂರುತ್ತಾರೆ. ಊರಲ್ಲಿ ಮದುವೆ ಇದ್ದ ದಿನ ರಜೆ. ತುಕ್ಕು ಹಿಡಿದ ಕಬ್ಬಿಣದ ಕಂಬಗಳ ಸುತ್ತ ಹುಲ್ಲು ಬೆಳೆದಿದೆ.

ಮಹನೀಯರೇ, ಈ ಯೋಜನೆ ತಮ್ಮ ಮುಂದೆ ಬಂದಿದ್ದರೆ ಇದನ್ನು ನಿಲ್ಲಿಸಲು ಎಂಜಿನಿಯರಿಂಗ್ ಪದವಿ ಬೇಕಿರಲಿಲ್ಲ. ಗುಡಿಗೂ ಶಾಲೆಗೂ ನಡುವೆ ಎಷ್ಟು ದೂರ ಎಂದು ಒಬ್ಬರು ಕೇಳಿದ್ದರೆ ಸಾಕಿತ್ತು. ನಮ್ಮ ಕ್ಷೇತ್ರದ ಸದಸ್ಯೆ ಆ ಗುಡಿಯ ಜಾತ್ರೆಗೆ ವರ್ಷವೂ ಬರುವವರು. ಅವರು ಕೂತಿದ್ದರೆ ಕೇಳುತ್ತಿದ್ದರೋ ಇಲ್ಲವೋ ಎಂದು ಆಣೆ ಮಾಡಲಾರೆ. ಕೂತಿರಲಿಲ್ಲ ಎಂಬುದಷ್ಟು ಖರೆ.

ಶಿಕ್ಷಣ ಹಕ್ಕು ಕಾಯ್ದೆಗಾಗಿಯೂ ತಮಗೆ ಒಂದು ನಮಸ್ಕಾರ ಸಲ್ಲಬೇಕು, ಅದರ ಜಾರಿಯ ಭಾರ ತಮ್ಮ ಮೇಲೂ ಇದ್ದದ್ದರಿಂದ. 2009ರ ಆ ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎನ್ನುತ್ತದೆ. ಕರ್ನಾಟಕ ಎಸ್‌ಡಿಎಂಸಿಗಳನ್ನು ಮಾಡಿದ್ದು ಅದಕ್ಕೂ ಮುಂಚೆ, 2001ರಲ್ಲಿ. ಆ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು, ಸರ್ಕಾರವೂ ಸ್ಥಳೀಯ ಸಂಸ್ಥೆಯೂ ಕೊಡುವ ಅನುದಾನಕ್ಕೆ ಅದೇ ಆಧಾರವಾಗಬೇಕು ಎಂಬುದು 22ನೇ ಕಲಮು. ನಾವು ಕೂಲಿ ಬಿಟ್ಟು ಕೂತು ಆ ಯೋಜನೆ ಬರೆದೆವು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ತೊಟ್ಟಿ, ಹೆಂಚಿನ ದುರಸ್ತಿ, ಮೈದಾನದ ಕಲ್ಲು ಆಯಿಸುವುದು, ಒಬ್ಬ ದೈಹಿಕ ಶಿಕ್ಷಕ. ಇಷ್ಟೇ. ಅದನ್ನು ಯಾರು ಓದಿದರು? ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಸ್ವೀಕೃತಿಯ ಸಿಕ್ಕೆ ಬಿತ್ತು. ಮುಂದಿನ ಮೆಟ್ಟಿಲು ತಾವು. ಆ ಮೆಟ್ಟಿಲು ಇಲ್ಲದ್ದರಿಂದ ಕಾಗದ ಅಲ್ಲೇ ನಿಂತಿತು, ಬೆಂಗಳೂರಿನಿಂದ ಬೇರೊಂದು ನಕ್ಷೆ ಇಳಿದು ಬಂತು. ಕೋಣೆಯ ಉದ್ದಗಲ ಬೀದರಿಗೂ ಕೊಡಗಿಗೂ ಒಂದೇ. ಮಲೆನಾಡಿನ ಮಳೆಗೂ ನಮ್ಮ ಕಡೆಯ ಬಿಸಿಲಿಗೂ ಒಂದೇ ಚಪ್ಪಟೆ ಸ್ಲ್ಯಾಬು.

ಪರಂಪರೆಯ ವಿಷಯಕ್ಕೆ ಬರುತ್ತೇನೆ, ಅಪ್ಪಣೆಯಾಗಲಿ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಪ್ರಾಥಮಿಕ, ಪ್ರೌಢ ಶಿಕ್ಷಣ ಅಲ್ಲಿದೆ, ಸಾಂಸ್ಕೃತಿಕ ಚಟುವಟಿಕೆ ಅಲ್ಲಿದೆ. ಊರಿನ ಹೊಂಡ, ವೀರಗಲ್ಲು, ಶಾಸನ, ಹಳೆಯ ಚಾವಡಿ ಇವುಗಳ ಹೆಸರು ಹಿಡಿದು ಹೇಳಿದ ಸಾಲು ಇಲ್ಲ. ಹಾಗಾಗಿ ನಮ್ಮ ಊರ ಇನ್ನೊಂದು ತುದಿಯ ಮೆಟ್ಟಿಲ ಹೊಂಡ ಯಾವ ಪಟ್ಟಿಯಲ್ಲೂ ಇಲ್ಲ. ಗುಡಿಯ ಪಕ್ಕದ ಶಾಲೆಯನ್ನು ನಿಲ್ಲಿಸಿದ ಕಾನೂನು ಈ ಹೊಂಡವನ್ನು ತಿರುಗಿಯೂ ನೋಡಲಿಲ್ಲ. ಅಭಿವೃದ್ಧಿ ಮಾಡಿಕೊಟ್ಟರು, ಆ ಕಾಳಜಿಗೆ ಕೈಮುಗಿಯುತ್ತೇನೆ. ಹಳೆಯ ಮೆಟ್ಟಿಲುಗಲ್ಲು ಕಿತ್ತು, ಸಿಮೆಂಟು ಸುರಿದು, ಮೇಲೆ ನುಣುಪು ಗ್ರಾನೈಟು ಹೊದಿಸಿದರು. ಸುತ್ತ ಸ್ಟೀಲಿನ ಕಂಬಿ ಬಂತು. ಗಾರೆಯಿಂದ ಕಟ್ಟಿದ ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಉಪ್ಪು ಕಲ್ಲಿನ ಮೈಗೆ ಬಂದು ಪದರು ಪದರಾಗಿ ಸುಲಿಯುತ್ತದೆ. ಈ ಮಾತನ್ನು ಸಂರಕ್ಷಣೆಯ ಕೆಲಸ ಬಲ್ಲ ಯಾವ ಮೇಸ್ತ್ರಿಯೂ ಹೇಳುತ್ತಾನೆ. ಮಳೆನೀರು ಒಳಬರುತ್ತಿದ್ದ ಕಲ್ಲಿನ ತೂಬು ಸಿಮೆಂಟಿನಲ್ಲಿ ಮುಚ್ಚಿಹೋಯಿತು. ಈಗ ಹೊಂಡಕ್ಕೆ ಫಲಕ ಇದೆ, ನೀರಿಲ್ಲ. ಮೆಟ್ಟಿಲಿನ ಒಂದು ಕಲ್ಲಿನ ಮೇಲೆ ಅಕ್ಷರಗಳಿದ್ದವು. ಯಾರೂ ಓದಿಸಿರಲಿಲ್ಲ. ಆ ಕಲ್ಲು ಯಾರ ಹೊಲದ ಬದುವಿಗೆ ಹೋಯಿತೋ ಹುಡುಕಿದರೂ ಸಿಗಲಿಲ್ಲ. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಇದು ನಮ್ಮ ಸಣ್ಣ ಊರಿನ ಗೋಳು ಮಾತ್ರವಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ಪ್ರದೇಶದೊಳಗೇ ತುಂಗಭದ್ರೆಗೆ ಆನೆಗುಂದಿಯ ಬಳಿ ಸೇತುವೆ ಕಟ್ಟಲು ಹೊರಟದ್ದರಿಂದ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು, 2006ರವರೆಗೂ ಅಲ್ಲಿಯೇ ಇತ್ತು. ನದಿ ದಾಟಲು ತೆಪ್ಪವೇ ಗತಿಯಾಗಿದ್ದ ಜನಕ್ಕೆ ಸೇತುವೆ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಯನ್ನು ಕಂಬ ಏಳುವ ಮೊದಲು ಊರಿನವರನ್ನೂ ಬಲ್ಲವರನ್ನೂ ಒಟ್ಟಿಗೆ ಕೂರಿಸಿ ಬಗೆಹರಿಸಬೇಕಿತ್ತು. ನಿಲ್ಲುತ್ತಾ ಸಾಗುತ್ತಾ ಎಳೆದಾಡಿದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಜೀವ ತೆಗೆಯಿತು. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಬಿದ್ದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಅದಾದ ಮೇಲೆ ಉಳಿಸುವುದೋ ಕೆಡವುವುದೋ ಎಂಬ ಜಗಳ ಕೋರ್ಟು ಹತ್ತಿತು. ಅಲ್ಲಿಯೂ ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿ ಕೂತರು. ಬೆಂಗಳೂರಿನ ಪಾಲಿಕೆಯಲ್ಲಿ ಜನರ ಪ್ರತಿನಿಧಿಗಳು 2020ರ ಸೆಪ್ಟೆಂಬರಿನಲ್ಲೇ ಎದ್ದು ಹೋದರು. 2025ರಲ್ಲಿ ಆ ಪಾಲಿಕೆಯನ್ನೇ ಐದು ಮಾಡಿದರು, ಅವೂ ಆರಂಭವಾದದ್ದು ಚುನಾಯಿತರಿಲ್ಲದೆ. ತಮ್ಮ ಬಂಧುಬಳಗವೆಲ್ಲ ಹೀಗೆ ಒಟ್ಟಿಗೆ ಕಾಣೆಯಾದದ್ದನ್ನು ನೋಡಿ ನಮಗೆ ಭಯವಾಗಿದೆ.

ಇನ್ನು ಕ್ರೀಡೆ. ಈ ಬಾಬತ್ತಿನಲ್ಲಿ ತಮಗೆ ಸಲ್ಲಬೇಕಾದ ಕೃತಜ್ಞತೆ ತಾಲ್ಲೂಕು ಕ್ರೀಡಾಂಗಣದಷ್ಟೇ ದೊಡ್ಡದು. ಅಲ್ಲಿ ಕಾಂಕ್ರೀಟಿನ ಗ್ಯಾಲರಿ ಇದೆ, ಗಣ್ಯರು ಕೂರುವ ಕಡೆ ನೆರಳಿದೆ, ಕಮಾನಿನ ಹೆಬ್ಬಾಗಿಲಿದೆ. ಓಡುವ ನೆಲ ಮಾತ್ರ ಸರಿಯಿಲ್ಲ. 400 ಮೀಟರಿನ ಎಂಟು ಪಥದ ಓಟದ ಅಂಕಣಕ್ಕೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಸಮತಟ್ಟು ಜಾಗ ಬೇಕು, ಅಂದರೆ ನಾಲ್ಕು ಎಕರೆಗೂ ಮಿಕ್ಕಿ. ನಮ್ಮಲ್ಲಿ ಗ್ಯಾಲರಿಯನ್ನು ಮೊದಲು ಕಟ್ಟಿದರು. ಆಮೇಲೆ ಅಳೆದು ನೋಡಿದರೆ ಉಳಿದ ಜಾಗದಲ್ಲಿ ಪೂರ್ಣ ಅಂಕಣ ಹಿಡಿಯಲಿಲ್ಲ. ಟೇಪು ಹಿಡಿದು ಮೊದಲೇ ಅಳೆಯುವುದು ಎಷ್ಟು ಹೊತ್ತಿನ ಕೆಲಸ? ಆ ಪ್ರಶ್ನೆಗಾಗಿಯೇ ತಾವು ಇರಬೇಕಾದದ್ದು. ಈಗ ಆ ಗ್ಯಾಲರಿ ತುಂಬುವುದು ರಾಷ್ಟ್ರೀಯ ಹಬ್ಬಗಳ ಕವಾಯತಿಗೆ ಮತ್ತು ರಾಜಕೀಯ ಸಮಾವೇಶಕ್ಕೆ. ಸಮಾವೇಶ ಮುಗಿದ ಮೇಲೆ ಪೆಂಡಾಲಿನ ಗೂಟದ ಕುಳಿಗಳು ಓಟದ ದಾರಿಯಲ್ಲಿ ಉಳಿಯುತ್ತವೆ.

ನಮ್ಮ ಮಕ್ಕಳು ಆಡುವುದು ಖೋಖೋ ಮತ್ತು ಕಬಡ್ಡಿ. ಖೋಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತ ಬಿಡಬೇಕಾದ ಜಾಗವನ್ನೂ ಸೇರಿಸಿದರೆ ಆರು ಗುಂಟೆಯೊಳಗೆ ಮುಗಿಯುತ್ತದೆ. ಕಬಡ್ಡಿಗೆ ಅಷ್ಟೂ ಬೇಡ. ಬೇಕಾದದ್ದು ಖೋಖೋಗೆ ಎರಡು ಕಂಬ, ಕಲ್ಲಿಲ್ಲದ ಮೆತ್ತನೆ ಮಣ್ಣು, ಸುಣ್ಣದ ಪುಡಿ, ಸಂಜೆ ಒಂದು ಗಂಟೆ ಕೊಡುವ ಒಬ್ಬ ಶಿಕ್ಷಕ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು ಭಾರತದ ಗಂಡು, ಹೆಣ್ಣು ಎರಡೂ ತಂಡಗಳು ಗೆದ್ದವು. ಗೆದ್ದ ಮಹಿಳಾ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿಯ ಮಣ್ಣಿನ ಅಂಕಣದಲ್ಲಿ ಕಲಿತು ಬಂದ ಹುಡುಗಿ ವಿಶ್ವಕಪ್ ಎತ್ತಿದ ಮೇಲೂ ಜಿಲ್ಲೆಯ ಕ್ರೀಡಾ ಕ್ರಿಯಾ ಯೋಜನೆಯಲ್ಲಿ ಸಿಮೆಂಟಿಗೆ ಸಿಗುವ ಮೊದಲ ಮಣೆ ಮಣ್ಣಿಗೆ ಸಿಗದಿದ್ದರೆ ನಾವು ಯಾರನ್ನು ಕೇಳೋಣ? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕು ಎನ್ನುತ್ತದೆ. ನಮ್ಮ ಶಾಲೆಯ ಮೈದಾನದಲ್ಲಿ ಈಗ ಆ ನಿಂತ ಕಟ್ಟಡದ ಜಲ್ಲಿಯ ರಾಶಿ ಬಿದ್ದಿದೆ. ನನ್ನ ಮಗಳು ಖೋಖೋ ಆಡುವವಳು. ಮೊಣಕಾಲಿಗೆ ಜಲ್ಲಿ ಚುಚ್ಚಿಸಿಕೊಂಡು ಬಂದ ದಿನ ಅವಳು ಅತ್ತದ್ದು ನೋವಿಗಲ್ಲ, ವಲಯ ಮಟ್ಟದ ಆಟ ತಪ್ಪಿತಲ್ಲ ಎಂದು.

ತಾವು ಇಲ್ಲದಾಗ ಯೋಜನೆಗಳನ್ನು ನೋಡುವವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯದ ಮಾತಾದೀತು. ಹಿರಿಯ ಐಎಎಸ್ ಅಧಿಕಾರಿಗಳು ಆಡಳಿತಾಧಿಕಾರಿಗಳಾಗಿದ್ದಾರೆ. ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ಕೆಡಿಪಿ ಎಂಬ ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಅಲ್ಲಿ ಭೌತಿಕ ಪ್ರಗತಿ ಎಷ್ಟು, ಆರ್ಥಿಕ ಪ್ರಗತಿ ಎಷ್ಟು ಎಂದು ಕೇಳುತ್ತಾರೆ. ಹಣ ಖರ್ಚಾಗದಿದ್ದರೆ ಬೈಯುತ್ತಾರೆ. ಮಾರ್ಚ್ ತಿಂಗಳು ಹತ್ತಿರವಾದಂತೆ ಬೈಗುಳವೂ ಖರ್ಚೂ ಒಟ್ಟಿಗೆ ಏರುತ್ತವೆ. ನಮ್ಮ ಶಾಲೆಯನ್ನು ಕೆಡವಿದ್ದು ಆ ಸಭೆಯ ಲೆಕ್ಕದಲ್ಲಿ ಪ್ರಗತಿ. ಗುಂಡಿ ತೋಡಿದ್ದೂ ಪ್ರಗತಿ. ಖರ್ಚಾಯಿತೇ ಎಂದು ಕೇಳುವುದು ಒಂದು ಕೆಲಸ, ಖರ್ಚು ಮಾಡುವ ಮೊದಲು ಇದು ಬೇಕೇ ಎಂದು ಕೇಳುವುದು ಇನ್ನೊಂದು. ಎರಡನೆಯದಕ್ಕೆ ಆ ಸಭೆಯಲ್ಲಿ ಸಮಯವೂ ಇಲ್ಲ, ನಮ್ಮ ಊರಿನ ದಾರಿ ಬಲ್ಲವರೂ ಇಲ್ಲ. ಅಧಿಕಾರಿಗಳಲ್ಲಿ ಒಳ್ಳೆಯವರನ್ನು ಕಂಡಿದ್ದೇನೆ. ಅವರಿಗೆ ವರ್ಗಾವಣೆ ಇರುತ್ತದೆ. ಅವರು ತಪ್ಪು ಮಾಡಿದರೆ ನಾವು ಓಟಿನಿಂದ ಬದಲಾಯಿಸಲಾರೆವು.

ಮೇಲಿನ ಜಿಲ್ಲಾ ಯೋಜನಾ ಸಮಿತಿಯ ಗತಿಯನ್ನೂ ಒಮ್ಮೆ ನೋಡಬೇಕು. ಸಂವಿಧಾನದ 243ಝಡ್‌ಡಿ ವಿಧಿಯ ಪ್ರಕಾರ ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ ಆರಿಸಿ ಬರಬೇಕು. ಹಳ್ಳಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಕೂಡಿಸಿ ಒಂದು ಜಿಲ್ಲೆಯ ಯೋಜನೆ ಮಾಡುವ ಜಾಗ ಅದು. ಶಾಲೆ, ಗುಡಿ, ಮೈದಾನ ಮೂರನ್ನೂ ಒಂದೇ ನಕ್ಷೆಯ ಮೇಲೆ ನೋಡಬೇಕಾದದ್ದು ಅಲ್ಲಿ. ಆರಿಸಿ ಕಳಿಸುವ ಸದಸ್ಯರೇ ಇಲ್ಲದ ಮೇಲೆ ಆ ಸಮಿತಿಯಲ್ಲಿ ಹಳ್ಳಿಯ ದನಿ ಎಲ್ಲಿಂದ ಬರಬೇಕು?

ತಾವು ಮರಳಿ ಬರದಂತೆ ತಡೆದವರು ಯಾರು ಎಂಬುದನ್ನೂ ಭಕ್ತಿಯಿಂದ ವಿಚಾರಿಸಿದೆ. 2021ರಲ್ಲಿ ಮೊದಲು ಕೊರೊನಾ ಅಂದರು, ಅದು ನಿಜವಾದ ಕಾರಣವೇ ಆಗಿತ್ತು. ಅದೇ ವರ್ಷ ಕಾಯ್ದೆ ತಿದ್ದಿ, ಕ್ಷೇತ್ರ ಪುನರ್ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ಗಡಿ, ಆಮೇಲೆ ಮೀಸಲಾತಿ, ಆಮೇಲೆ ಮತ್ತೆ ಗಡಿ. ವಿಳಂಬ ನೋಡಿ ಬೇಸತ್ತ ಹೈಕೋರ್ಟು 2022ರ ಡಿಸೆಂಬರಿನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಅದಾದ ಮೇಲೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ತಮ್ಮ ಕುರ್ಚಿ ಖಾಲಿಯೇ ಉಳಿಯಿತು. ಈ ಒಂದು ವಿಷಯದಲ್ಲಿ ಎಲ್ಲ ಪಕ್ಷದವರೂ ಒಂದೇ ಮನಸ್ಸಿನವರಾಗಿದ್ದಾರೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಬಿಡಿಸಿ ಹೇಳಿದೆ. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ನಗರ ಸಂಸ್ಥೆಗಳ ಬಗ್ಗೆ ಇದೇ ಮಾತನ್ನು ಒತ್ತಿ ಹೇಳಿತು. ಅದನ್ನೆಲ್ಲ ಓದಿದವರು ವಿಧಾನಸೌಧದಲ್ಲಿ ತುಂಬಾ ಜನ ಇದ್ದಾರೆ. ಶಾಸಕರ ಚುನಾವಣೆ ಒಂದು ದಿನ ತಡವಾದರೆ ಅವರು ಸುಮ್ಮನಿರುತ್ತಿದ್ದರೇ? ತಾವು ಇಲ್ಲದಿದ್ದರೆ ಜಿಲ್ಲೆಯ ಅನುದಾನ ಹಂಚುವ ಕೈಗಳು ಕಡಿಮೆ. ಇದಕ್ಕಿಂತ ಬೇರೆ ಕಾರಣ ಇದೆ ಎಂದು ಯಾರಾದರೂ ನನಗೆ ತಿಳಿಸಿ ಹೇಳಿದರೆ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ತಾವು ಬನ್ನಿ. ಬಂದ ಮೇಲೆ ಹಳೆಯ ಹಾಗೆ ಬರಬೇಡಿ. ಸಭೆಗೆ ವಾರ ಮುಂಚೆ ಕಾಗದ ತರಿಸಿಕೊಳ್ಳಿ, ಕನ್ನಡದಲ್ಲೇ ತರಿಸಿಕೊಳ್ಳಿ, ನಕ್ಷೆ ಸಮೇತ. ಎಸ್‌ಡಿಎಂಸಿ ಬರೆದ ಯೋಜನೆ ಕಡತದ ಮೊದಲ ಪುಟದಲ್ಲಿ ಇಲ್ಲದಿದ್ದರೆ ಶಾಲೆಯ ಯಾವ ಕಾಮಗಾರಿಯನ್ನೂ ಮುಟ್ಟಬೇಡಿ. ಹಳೆಯ ಕಟ್ಟಡ ಕೆಡವುವ ಪ್ರಸ್ತಾವ ಬಂದರೆ ದುರಸ್ತಿಗೆ ಎಷ್ಟು ಬೀಳುತ್ತದೆ ಎಂಬ ಇನ್ನೊಂದು ಪಟ್ಟಿ ಕೇಳಿ. ಗುಡಿ, ಹೊಂಡ, ಶಾಸನ ಇರುವ ಕಡೆ ಕೆಲಸ ಶುರುವಾಗುವ ಮುಂಚೆ ಬಲ್ಲವರನ್ನು ಕರೆಸಿ ಕೂರಿಸಿ. ಟೆಂಡರು ಇಲ್ಲದೆ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಕೆಲಸ ಕೊಟ್ಟಿದ್ದರೆ ಯಾಕೆ ಎಂದು ಬರಹದಲ್ಲಿ ಕೇಳಿ. ಕ್ರೀಡೆಯ ಹಣ ಬಂದಾಗ ಮೊದಲು ನೆಲ, ಆಮೇಲೆ ಶಿಕ್ಷಕ, ಕೊನೆಗೆ ಗ್ಯಾಲರಿ. ಬೇಡ ಎನಿಸಿದ್ದಕ್ಕೆ ಬೇಡ ಎಂದು ನಡಾವಳಿಯಲ್ಲಿ ಬರೆಸಿ, ಹೆಸರು ಸಹಿತ. ಸರ್ವಾನುಮತ ಒಡೆದರೆ ಆಕಾಶ ಬೀಳುವುದಿಲ್ಲ.

ಈ ಪತ್ರ ಓದುತ್ತಿರುವ ಊರಿನವರೇ, ಸ್ಥಾಯಿ ಸಮಿತಿಯವರ ಪರವಾಗಿ ನಿಮಗೂ ಒಂದು ಮಾತು. ನಿಮ್ಮ ಶಾಸಕರು ಈ ಸಲ ಗುದ್ದಲಿ ಪೂಜೆಗೆ ಬಂದಾಗ ಹಾರ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಯೋಜನೆಯನ್ನು ನಾವು ಆರಿಸಿದ ಯಾರು ನೋಡಿದರು, ಜಿಲ್ಲಾ ಪಂಚಾಯಿತಿ ಚುನಾವಣೆ ಯಾವ ತಾರೀಖು. ಉತ್ತರ ಸಿಗುವವರೆಗೆ ದಾರಿ ಬಿಡಬೇಡಿ.

ಇಂತಿ ತಮ್ಮ ವಿಧೇಯಳು,
ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಸದಸ್ಯೆ